ಮೇಲಿನ ಮನೆಯ ರೈಲು, ಕೆಳಗಿನ ಮನೆಯ ಮೈಕು

ಧಡ್! ಧಡ್! ಧಡ್!

ಬಾಗಿಲು ಮುರಿದೇ ಬೀಳುತ್ತದೇನೋ ಎಂಬಂತೆ ಯಾರೋ ಬಡಿಯುತ್ತಿದ್ದರು.

ಅವಳು ಓಡಿ ಬಂದು ಬಾಗಿಲು ತೆರೆದಳು. ಬಾಯಲ್ಲಿ ಅಡ್ಡಲಾಗಿ ಕಚ್ಚಿಕೊಂಡ ಸಣ್ಣ ಬ್ರಷ್, ಒಂದು ಕೈಯಲ್ಲಿ ಹಸಿರು ಬಾವುಟ, ಇನ್ನೊಂದು ಕೈಯಲ್ಲಿ ಉಗುರಿನಷ್ಟು ದೊಡ್ಡ ಹಸು!

ಹೊರಗೆ ನಿಂತಿದ್ದವನ ಮುಖ ಕೋಪಕ್ಕೆ ಕೆಂಪೇರಿತ್ತು. ಕೊರಳಲ್ಲಿ ದೊಡ್ಡ ಹೆಡ್‌ಫೋನ್ ನೇತಾಡುತ್ತಿತ್ತು. ಬೈಯಲೆಂದೇ ಬಾಯಿ ತೆರೆದವನು ಅವಳ ಅವತಾರ ನೋಡಿ ತಬ್ಬಿಬ್ಬಾದ.

"ರೀ... ನಿಮ್ಮ ಮನೆಯಲ್ಲಿ ಏನ್ರೀ ಓಡ್ತಾ ಇದೆ?"

ಅವಳು ಬಾಯಿಂದ ಬ್ರಷ್ ತೆಗೆದಳು. "ರೈಲು."

"ಏನು?"

"ರೈಲು ರೀ. ಸದ್ಯಕ್ಕೆ ಓಡ್ತಾ ಇರೋದು ಗೂಡ್ಸ್ ಗಾಡಿ."

ಅವನು ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವನು. ಕಥೆಗಳನ್ನು ಓದಿ ರೆಕಾರ್ಡ್ ಮಾಡುವುದು ಅವನ ಕೆಲಸ. ಹೊರಗಿನ ಸದ್ದು ಬಾರದಿರಲೆಂದು ಬಟ್ಟೆ ಬೀರುವಿನಲ್ಲಿ ಕಂಬಳಿಗಳ ನಡುವೆ ಮೈಕು ಹಿಡಿದು ಕೂರುತ್ತಿದ್ದ. ಪಾಪ, ಸದ್ದು ನೆತ್ತಿಯ ಮೇಲಿಂದ ಬರುತ್ತದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

"ನನ್ನ ಹೀರೋ 'ನೀನಿಲ್ಲದೆ ನಾನು ಬದುಕಲಾರೆ' ಅಂತ ಹೇಳೋಕೆ ಬೆಳಗ್ಗೆಯಿಂದ ಒದ್ದಾಡ್ತಿದಾನೆ. ಅವನು 'ನೀನಿಲ್ಲದೆ' ಅಂದ ತಕ್ಷಣ ಮೇಲಿಂದ ಕಟಕಟ ಕಟಕಟ... ಆಮೇಲೆ ಪೀ ಅಂತ ಸೀಟಿ! ಅವನು ಬದುಕಬೇಕೋ ಬೇಡ್ವೋ ನೀವೇ ಹೇಳಿ!"

ಅವಳು ಕ್ಷಮೆ ಕೇಳಬೇಕಿತ್ತು. ಕೇಳುವುದು ಬಿಟ್ಟು ಕಿಸಕ್ಕನೆ ನಕ್ಕುಬಿಟ್ಟಳು!

ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಗದರಿಕೆ ಕೇಳಿತು. "ಯಾರೇ ಅದು ಬಾಗಿಲು ತೆಗೆದಿಟ್ಟಿರೋದು? ಗಾಳಿಗೆ ಕಾಡೆಲ್ಲ ಮಲಗಿಬಿಡ್ತು!"

"ಕಾಡು?" ಎಂದ ಅವನು ಕಣ್ಣರಳಿಸಿ.

"ಸ್ಪಂಜಿನ ಮರಗಳು. ಅಮ್ಮ ಮಾಡಿದ್ದು. ಬೇಗ ಒಳಗೆ ಬನ್ನಿ, ಇಲ್ಲಾಂದ್ರೆ ಹೊರಗೇ ಇರಿ. ಬಾಗಿಲು ಹಾಕ್ಬೇಕು!"

ಜಗಳಕ್ಕೆಂದು ಬಂದವನು ಹೀಗೆ ಕಾಡು ಉಳಿಸಲು ಒಳಗೆ ಕಾಲಿಟ್ಟ.

ಆ ಮನೆಯ ಹಾಲ್ ನೀವು ನೋಡಬೇಕಿತ್ತು! ಸೋಫಾ ಇಲ್ಲ, ಟೀವಿ ಇಲ್ಲ. ಗೋಡೆಯಿಂದ ಗೋಡೆಗೆ ಸೊಂಟದೆತ್ತರದ ಹಲಗೆಗಳ ಮೇಲೆ ಒಂದು ಇಡೀ ಊರು. ಸ್ಟೇಷನ್ನು, ಅಂಗಡಿ ಸಾಲು, ಶಾಲೆ, ಸಮುದಾಯ ಭವನ, ನಡುವೆ ಒಂದು ಬೆಟ್ಟ, ಬೆಟ್ಟದೊಳಗೆ ಸುರಂಗ. ಅಡುಗೆಮನೆಗೆ ಹೋಗಬೇಕಾದರೆ ಬಾಗಿಲಿಗೆ ಅಡ್ಡವಾಗಿದ್ದ ರೈಲು ಸೇತುವೆಯನ್ನು ಎತ್ತಬೇಕು. ಗಾಡಿ ಬರುತ್ತಿದ್ದರೆ ಎತ್ತುವಂತಿಲ್ಲ, ಬಗ್ಗಿ ನುಸುಳಬೇಕು. ಗೂಡ್ಸ್ ಗಾಡಿಯ ದೆಸೆಯಿಂದ ಆ ಮನೆಯಲ್ಲಿ ಅದೆಷ್ಟೋ ಲೋಟ ಚಹಾ ಆರಿ ತಣ್ಣಗಾಗಿತ್ತು.

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. "ವಾರವೆಲ್ಲ ಜನಾನ ಮೇಲೆ ಕೆಳಗೆ ಕಳಿಸಿ ಕಳಿಸಿ ಸಾಕಾಗುತ್ತೆ. ಭಾನುವಾರ ಆದ್ರೂ ಅಡ್ಡಕ್ಕೆ ಕಳಿಸೋಣ ಅಂತ," ಎನ್ನುತ್ತ ಹಲಗೆಯ ಕೆಳಗೆ ವೈರುಗಳ ನಡುವೆ ಅಂಗಾತ ಬಿದ್ದಿರುತ್ತಿದ್ದರು. ಅಮ್ಮ ಟೈಲರ್, ಕಾಡು, ಹೊಲ, ಹೂದೋಟ ಅವರ ಸುಪರ್ದಿ. ಅಪ್ಪನ ತಾಯಿ, ಅಂದರೆ ಅಜ್ಜಿ, ಸ್ಟೇಷನ್ ಮಾಸ್ತರು. ಅವರು ಸೀಟಿ ಊದದೆ ಒಂದು ಬೋಗಿಯೂ ಅಲ್ಲಾಡುವಂತಿಲ್ಲ.

ಇನ್ನು ಅವಳು... ಹಲ್ಲು ಮಾಡುವವಳು! ದಂತವೈದ್ಯರು ಕಳಿಸಿದ ಅಳತೆಗೆ ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ಟು ತಯಾರಿಸುವುದು ಅವಳ ಉದ್ಯೋಗ. ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರಿನಲ್ಲೇ ಆ ಬೆಟ್ಟವನ್ನು ಕಟ್ಟಿದ್ದಳು. ಮಿಕ್ಕಿದ ಗುಲಾಬಿ ಬಣ್ಣವನ್ನು ದಂಡ ಮಾಡಬಾರದೆಂದು ಒಂದು ಪಕ್ಕಕ್ಕೆ ಬಳಿದದ್ದರಿಂದ ಬೆಟ್ಟ ವಸಡು ಬಿಟ್ಟು ನಗುವಂತೆ ಕಾಣುತ್ತಿತ್ತು. ಊರಿನ ಪುಟ್ಟ ಪುಟ್ಟ ಜನರಿಗೆಲ್ಲ ಕಣ್ಣು, ಮೂಗು ಬರೆಯುವವಳೂ ಅವಳೇ.

ಅವನು ಇದನ್ನೆಲ್ಲ ಬೆಪ್ಪಾಗಿ ನೋಡುತ್ತ ಹಿಂದೆ ಹಿಂದೆ ಸರಿದ... ಢಂಯ್! ಎತ್ತಿ ನಿಲ್ಲಿಸಿದ್ದ ಸೇತುವೆಗೆ ತಲೆ ಬಡಿಯಿತು. ಸೇತುವೆ ಧಡಾರನೆ ಕೆಳಗೆ ಬಿತ್ತು. ಆ ಹೊಡೆತಕ್ಕೆ, ಸೇತುವೆಯ ಈಚೆ ನಿಂತಿದ್ದ ಗೂಡ್ಸ್ ಗಾಡಿ ಹಳಿ ತಪ್ಪಿತು.

"ಅಯ್ಯೋ! ಬೋಗಿಗೆ ಏನಾಯ್ತು?" ಎಂದು ಅಪ್ಪ, ಅಮ್ಮ, ಅಜ್ಜಿ ಮೂವರೂ ಒಟ್ಟಿಗೆ ಕೂಗಿದರು.

ಅವಳೊಬ್ಬಳೇ ಒದ್ದೆ ಬಟ್ಟೆ ತಂದು ಅವನ ತಲೆಗೆ ಒತ್ತಿದಳು. "ನಿಮಗೆ ಏನೂ ಆಗ್ಲಿಲ್ಲ ತಾನೇ?"

ಅವನು ಅವಳನ್ನೇ ನೋಡಿದ. ಬೈಗುಳವೆಲ್ಲ ಎಲ್ಲಿ ಹೋಯಿತೋ ಅವನಿಗೇ ಗೊತ್ತಾಗಲಿಲ್ಲ.

"ಆಗಿದೆ ಅನ್ಸುತ್ತೆ..." ಎಂದ ಮೆಲ್ಲಗೆ.

*

ಹಳಿಯ ಕೆಳಗೆ ಕಾರ್ಕ್ ಹಾಳೆ ಅಂಟಿಸಿದರೆ ಸದ್ದು ಕಡಿಮೆಯಾಗುತ್ತದೆ ಎಂದು ಅವನೇ ಸಲಹೆ ಕೊಟ್ಟ. "ಸದ್ದಿಲ್ಲದ ಮೇಲೆ ಅದ್ಯಾವ ಸೀಮೆ ರೈಲು?" ಎಂದು ಅಪ್ಪ ಮುಖ ಊದಿಸಿಕೊಂಡರು. ಕೊನೆಗೆ ಅವನ ಬೀರು ಇರುವ ಜಾಗದ ಮೇಲಕ್ಕೆ ಮಾತ್ರ ಕಾರ್ಕ್ ಹಾಕಲು ಒಪ್ಪಂದವಾಯಿತು.

ಸದ್ದು ಕಡಿಮೆಯಾಯಿತೋ ಇಲ್ಲವೋ ನೋಡಲು ಅವನು ಮುಂದಿನ ಭಾನುವಾರ ಬಂದ. ಅದರ ಮುಂದಿನ ಭಾನುವಾರವೂ ಬಂದ. ಪರೀಕ್ಷೆ ಮುಗಿಯುವ ಲಕ್ಷಣವೇ ಕಾಣಲಿಲ್ಲ!

ಅಜ್ಜಿ ಅವನ ದನಿ ಕೇಳಿದವರೇ ಬೆಟ್ಟದ ಆಚೆ ಬದಿಗೆ ಒಂದು ಸ್ಟೂಲು ಹಾಕಿಸಿ ಅಪ್ಪಣೆ ಕೊಟ್ಟರು. "ಮೈಕಪ್ಪಾ, ಇವತ್ತಿನಿಂದ ನೀನೇ ಅನೌನ್ಸರ್ರು."

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ... ಬೆಟ್ಟದಾಚೆಗೆ ಹೋಗುವ ಪ್ಯಾಸೆಂಜರ್ ಗಾಡಿ ಇನ್ನೇನು ಹೊರಡಲಿದೆ... ಬರಬೇಕಾದವರು ಬಂದುಬಿಡಿ..."

ಆ ದನಿಯಲ್ಲಿ ಅದೇನಿತ್ತೋ! ವೇಗದ ಗುಂಡಿಯ ಮೇಲಿದ್ದ ಅವಳ ಬೆರಳು ಸಡಿಲವಾಯಿತು. ಒಳಹೋದ ಪ್ಯಾಸೆಂಜರ್ ಗಾಡಿ ಹೊರಬರಲೇ ಇಲ್ಲ.

"ಗಾಡಿ ಎಲ್ಲೇ?" ಎಂದರು ಅಜ್ಜಿ.

"ಸು... ಸುರಂಗದಲ್ಲಿದೆ ಅಜ್ಜಿ."

"ಅಲ್ಲೇನಂತೆ ಅದಕ್ಕೆ ಕೆಲಸ?"

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಬೆಟ್ಟದಾಚೆಯಿಂದ ಅವನು ಕೆಮ್ಮಿದ ಸದ್ದು ಕೇಳಿಸಿತು. ಅದು ಕೆಮ್ಮಲ್ಲ, ನಗು.

ಲ್ಯಾಬಿನಲ್ಲಿಯೂ ಅವಳ ಕಿವಿಯಲ್ಲಿ ಅವನದೇ ಕಥೆಗಳು. ಒಂದು ದಿನ ಅವನು ವಿರಹದ ಸನ್ನಿವೇಶವೊಂದನ್ನು ಓದುತ್ತಿದ್ದಾಗ ಮೈಮರೆತು, ಮುಂದೆ ಕೂರಿಸಬೇಕಾದ ಹಲ್ಲಿನ ಜಾಗಕ್ಕೆ ದವಡೆ ಹಲ್ಲನ್ನು ಕೂರಿಸಿಬಿಟ್ಟಳು. ಸದ್ಯ, ಯಾರ ಬಾಯಿಗೂ ಹೋಗುವ ಮೊದಲೇ ಕಣ್ಣಿಗೆ ಬಿತ್ತು!

'ಇವನಿಗೆ ಹೇಳಿಬಿಡಲಾ?' ಎಂದುಕೊಳ್ಳುತ್ತಿದ್ದಳು. ಹಿಂದೆಯೇ ಎದೆ ಅಳುಕುತ್ತಿತ್ತು.

ಅಳುಕಿಗೆ ಕಾರಣವಿತ್ತು. ಹಿಂದೆ ಮದುವೆಯ ಮಾತೆತ್ತಿ ಆ ಮನೆಗೆ ಬಂದವರು ಮೂವರು. ಮೊದಲನೆಯವನು ಹಾಲ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡನೆಯವನು, "ಇದೆಲ್ಲ ಮಕ್ಕಳಾಟ. ಮದುವೆ ಆದ್ಮೇಲೆ ಬಿಟ್ಟುಬಿಡ್ತೀರಲ್ಲ?" ಎಂದ. ಮೂರನೆಯವನಂತೂ ಚಹಾದ ಲೋಟವನ್ನು ಸ್ಟೇಷನ್ನಿನ ಮಾಡಿನ ಮೇಲೆ ಇಟ್ಟ! ಅವನನ್ನು ಅಜ್ಜಿಯೇ ಸೀಟಿ ಊದಿ ಕಳಿಸಿದ್ದರು.

ತನ್ನನ್ನು ಬೇಕೆನ್ನುವವನಿಗೆ ಈ ಮನೆ, ಈ ಹಳಿ, ಹಲಗೆಯಡಿಯ ಅಪ್ಪ, ಸೀಟಿಯ ಅಜ್ಜಿ ಎಲ್ಲರೂ ಬೇಕಾಗಬೇಕು. ಅಷ್ಟೇ ಅವಳ ಆಸೆ. ಅದು ದೊಡ್ಡ ಆಸೆಯೆಂದು ಮೂರು ಸಲ ಗೊತ್ತಾಗಿತ್ತು. ನಾಲ್ಕನೇ ಸಲ ಗೊತ್ತುಮಾಡಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಈ ನಡುವೆ ಅಪ್ಪ ಅವನಿಗೆ ಊರಿನ ಕಟ್ಟುನಿಟ್ಟಿನ ಕಾನೂನನ್ನು ತಿಳಿಸಿದ್ದರು.

"ನೋಡಪ್ಪ, ಇಲ್ಲಿ ಸುಳ್ಳಿಗೆ ಜಾಗ ಇಲ್ಲ. ನಮ್ಮ ಮನೆಯಲ್ಲಿ ಏನು ನಡೆಯುತ್ತೋ ಅದೇ ಈ ಊರಲ್ಲೂ ನಡೆಯೋದು. ಅಲ್ಲಿ ಮೋರಿ ಪಕ್ಕ ಸೈಕಲ್ ಬಿದ್ದಿದೆಯಲ್ಲ, ಅದು ನಾನು ಬಿದ್ದಿದ್ದು. ನಮ್ಮಮ್ಮಂಗೆ ಹಲ್ಲು ಕೀಳಿಸಿದ ದಿನಾನೇ ಆ ಆಸ್ಪತ್ರೆ ಕಟ್ಟಿದ್ದು. ನಮ್ಮ ತಂಗಿ ಗಂಡನ್ನ ಬಿಟ್ಟು ಬಂದಾಗ ಅವಳ ಗೊಂಬೆನ ಆ ಮನೆಯಿಂದ ಕಿತ್ತು ಈ ಮನೆಗೆ ಅಂಟಿಸಿದ್ವಿ. ಬೇಕಾದ್ರೆ ಅಂಟು ನೋಡು!"

ಅವನು ಬಗ್ಗಿ ಅಂಟು ನೋಡಿದ್ದ. ಊರಿನ ಲೈಬ್ರರಿ ಮುಂದೆ ಹಳದಿ ಬಟ್ಟೆ ತೊಟ್ಟು ಕನ್ನಡಕ ಹಾಕಿಕೊಂಡು ನಿಂತ ಪುಟಾಣಿ ಗೊಂಬೆಯನ್ನು ಇನ್ನೂ ಹೆಚ್ಚು ಹೊತ್ತು ನೋಡಿದ್ದ. ಅದು ಅವಳು.

*

ಆಮೇಲೆ ಅವನು ಕೆಲಸದ ಮೇಲೆ ಕೆಲವು ವಾರ ಬೇರೆ ಊರಿಗೆ ಹೋದ.

ಅನರ್ಥವಾದದ್ದು ಆಗಲೇ. ಅನರ್ಥಕ್ಕೆ ಮೂಲ, ಅವಳ ಅಮ್ಮ!

ಅಮ್ಮನಿಗೆ ಕಣ್ಣಿಲ್ಲವೇ? ಮಗಳು ಸೊರಗುವುದು, ಆ ಸ್ಟೂಲಿನ ಧೂಳು ಒರೆಸುವುದು ಎಲ್ಲ ಕಾಣುತ್ತಿತ್ತು. 'ಇವರಿಬ್ಬರನ್ನ ಬಿಟ್ಟರೆ ಮುದುಕರಾದ ಮೇಲೆ ಬಾಯಿ ಬಿಡ್ತಾರೆ. ನಾನೇ ಒಂದು ಸೂಚನೆ ಕೊಡ್ತೀನಿ' ಎಂದುಕೊಂಡು ಆಟಿಕೆ ಅಂಗಡಿಯಿಂದ ಒಂದು ಡಬ್ಬಿ ಮದುವೆ ದಿಬ್ಬಣ ತಂದರು. ಬ್ಯಾಂಡಿನವರು, ನೆಂಟರು, ಒಬ್ಬ ಮದುಮಗ. ಅವನು ಮರಳುವ ಹಿಂದಿನ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಲೈಬ್ರರಿ ಮುಂದಿನ ಹಳದಿ ಗೊಂಬೆಯನ್ನು ಎತ್ತಿ ಸಮುದಾಯ ಭವನದ ಮೆಟ್ಟಿಲ ಮೇಲೆ ಆ ಮದುಮಗನ ಪಕ್ಕ ಅಂಟಿಸಿದರು. ಅದೂ ಸರಿಯಾಗಿ ಅವನ ಸ್ಟೂಲಿನ ಎದುರಿಗೆ! ನೋಡಲಿ, ಅರ್ಥ ಮಾಡಿಕೊಳ್ಳಲಿ, ನಾಚಿಕೊಳ್ಳಲಿ ಎಂದು.

ಒಂದೇ ಒಂದು ತೊಡಕು. ಡಬ್ಬಿಯ ಮದುಮಗನಿಗೆ ಇಷ್ಟು ದಪ್ಪದ ಮೀಸೆ. ಕೆಳಗಿನ ಮನೆಯವನಿಗೆ ಮೀಸೆಯೇ ಇಲ್ಲ!

ಮುಖಕ್ಕೆ ಬಣ್ಣ ಹಚ್ಚುವುದು ಮಗಳ ಕೆಲಸ. ಅವಳನ್ನು ಕೇಳುವಂತಿಲ್ಲವಲ್ಲ? 'ಇಷ್ಟು ಸಣ್ಣ ಮೀಸೆ ಯಾರ ಕಣ್ಣಿಗೆ ಬೀಳುತ್ತೆ!' ಎಂದು ಅಮ್ಮ ಕೈ ತೊಳೆದುಕೊಂಡರು.

ಅವನು ಮರಳಿ ಬಂದ ಭಾನುವಾರ, ಊರಿನಿಂದ ಬಂದ ಖುಷಿಯಲ್ಲಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಸ್ಟೂಲಿನ ಮೇಲೆ ಕೂತ. ಕೂತವನು ಹಾಗೇ ಕಲ್ಲಾದ.

ಹಳದಿ ಬಟ್ಟೆ. ಕನ್ನಡಕ. ಪಕ್ಕದಲ್ಲಿ ಮೀಸೆ!

"ಸರ್..." ಎಂದ ಒಣಗಿದ ದನಿಯಲ್ಲಿ. "ಈ ಊರಲ್ಲಿ ಇರೋದೆಲ್ಲ... ನಿಜಾನೇ ತಾನೇ?"

ಹಲಗೆಯಡಿ ವೈರು ಸುತ್ತುತ್ತಿದ್ದ ಅಪ್ಪ ತಲೆ ಹೊರಹಾಕದೆ ಹೆಮ್ಮೆಯಿಂದ ಕೂಗಿದರು. "ನೂರಕ್ಕೆ ನೂರು ನಿಜ ಕಣಪ್ಪ!"

ಆ ದಿನ ಅವನು ಪ್ಯಾಸೆಂಜರ್ ಗಾಡಿ ಹೊರಡುವುದನ್ನು ಯಾರೋ ತೀರಿಕೊಂಡ ಸುದ್ದಿಯಂತೆ ಓದಿದ. ಹೊರಡುವಾಗ ಬಾಗಿಲ ಬಳಿ ಅವಳ ಮುಖ ನೋಡದೆ ಹೇಳಿದ.

"ಇನ್ಮೇಲೆ ಭಾನುವಾರ ಬರೋಕಾಗಲ್ಲ. ಕೆಲಸ ಜಾಸ್ತಿ ಇದೆ. ನೀವು... ಚೆನ್ನಾಗಿರಿ."

ಬೆಟ್ಟದ ಈಚೆ ಬದಿಯಲ್ಲಿ ಕೂರುವ ಅವಳಿಗೆ ಆ ಮದುವೆ ಕಂಡಿರಲೇ ಇಲ್ಲ. ಅವಳಿಗೆ ಕೇಳಿದ್ದು ಒಂದೇ... ಇವನೂ ಹೊರಟ. ನಾಲ್ಕನೆಯವನು!

"ಪರವಾಗಿಲ್ಲ," ಎಂದಳು ತುಟಿ ಬಿಗಿಹಿಡಿದು. "ನಿಮಗೂ ಇದೆಲ್ಲ ಮಕ್ಕಳಾಟ ಅನ್ನಿಸಿರಬೇಕು."

"ಅಯ್ಯೋ, ಹಾಗಲ್ಲ..." ಎಂದವನು ಸರಸರನೆ ಮೆಟ್ಟಿಲು ಇಳಿದುಹೋದ.

ಅವಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತಳು. ಮೂವರು ಹೋದಾಗ ಅವಳಿಗೆ ಸಿಟ್ಟು ಬಂದಿತ್ತು. ಇವನು ಹೋದಾಗ ಮಾತ್ರ ಅಳು ಬಂತು.

ಆ ವಾರ ಮೆಟ್ಟಿಲಲ್ಲಿ ಇಬ್ಬರೂ ಎದುರಾದರು. ಅವಳ ಕೈಯಲ್ಲಿ ಲ್ಯಾಬಿನ ಪೆಟ್ಟಿಗೆ.

"ತಯಾರಿ... ಎಲ್ಲಿವರೆಗೆ ಬಂತು?" ಎಂದ ಅವನು, ಎದೆಯ ಮೇಲೆ ಕಲ್ಲು ಹೇರಿಕೊಂಡು.

'ನನ್ನ ಕೆಲಸದ ಮೇಲೆ ಈಗ ಇದೆಲ್ಲಿಯ ಕಾಳಜಿ!' ಎಂದುಕೊಂಡು ಅವಳು ಬಿಮ್ಮನೆ ಹೇಳಿದಳು. "ಮುಗೀತಾ ಬಂತು. ಶುಕ್ರವಾರ ಒಪ್ಪಿಸ್ಬೇಕು."

"ಶುಕ್ರವಾರಾನೇ?!"

"ಹೂಂ. ಪಾಪ, ಅವರು ಬಾಯಲ್ಲಿ ಒಂದೂ ಹಲ್ಲಿಲ್ಲದೆ ಎಷ್ಟು ದಿನದಿಂದ ಕಾಯ್ತಿದಾರೆ."

ಅವನು ಗೋಡೆ ಹಿಡಿದುಕೊಂಡು ನಿಂತ. ಅಷ್ಟು ದಪ್ಪ ಮೀಸೆಯ ಕೆಳಗೆ ಒಂದು ಹಲ್ಲೂ ಇಲ್ಲವೇ?!

*

ಮುಂದಿನ ಭಾನುವಾರ ಅಜ್ಜಿ ಮುಷ್ಕರ ಹೂಡಿದರು.

"ಅನೌನ್ಸ್ ಆಗದೆ ಒಂದು ಗಾಡಿನೂ ಬಿಡಲ್ಲ. ಮೈಕಪ್ಪ ಬರ್ಲಿ."

"ಅವನು ಬರಲ್ಲ ಅಂದ್ನಲ್ಲಮ್ಮ," ಎಂದರು ಅಪ್ಪ.

"ಹಂಗಾದ್ರೆ ಗಾಡಿನೂ ಹೋಗಲ್ಲ." ಅಜ್ಜಿ ಸೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಕಾಲು ಮಡಚಿ ಕೂತುಬಿಟ್ಟರು.

ಮನೆ ಬಿಕೋ ಎನ್ನುತ್ತಿತ್ತು. ಅವಳು ಎದ್ದು ಬೆಟ್ಟ ಸುತ್ತಿ ಆಚೆ ಹೋದಳು. ಯಾಕೆಂದು ಅವಳನ್ನು ಕೇಳಬೇಡಿ. ಅವನು ಕೂರುತ್ತಿದ್ದ ಜಾಗದಲ್ಲಿ ಒಂದು ಗಳಿಗೆ ಕೂರಬೇಕೆನಿಸಿತು, ಕೂತಳು. ತಲೆ ಎತ್ತಿದಳು.

"ಯಾರಿವನು?!"

ಅವಳ ಕಿರುಚಾಟಕ್ಕೆ ಅಪ್ಪ ಹಲಗೆಗೆ ತಲೆ ಬಡಿಸಿಕೊಂಡರು. ಎಲ್ಲರೂ ಓಡಿ ಬಂದರು.

"ನಾನು ಯಾರ ಜೊತೆ ನಿಂತಿದೀನಿ ಇಲ್ಲಿ? ಯಾರು ಈ ಮೀಸೆ?!"

ಅಮ್ಮ ಸೆರಗಿನ ತುದಿ ಹಿಸುಕಿದರು. "ಅದು... ಅವನೇ ಕಣೇ. ಕೆಳಗಿನ ಮನೆಯವನು."

"ಅವರಿಗೆ ಮೀಸೆ ಎಲ್ಲಿದೆ ಅಮ್ಮಾ!"

"ಡಬ್ಬಿಯಲ್ಲಿ ಹಂಗೇ ಬಂತು! ಬೋಳಿಸೋಕೆ ಅಷ್ಟು ಚಿಕ್ಕ ಬ್ಲೇಡ್ ನಾನೆಲ್ಲಿಂದ ತರ್ಲಿ?"

ಅಪ್ಪನ ಮುಖ ಕೆಂಪಾಯಿತು. "ನನ್ನ ಊರಲ್ಲಿ ಸುಳ್ಳು ಮದುವೆ! ಇಷ್ಟು ವರ್ಷದಲ್ಲಿ ಒಂದು ಸುಳ್ಳು ನಾಯಿಮರಿನೂ ಇಟ್ಟಿಲ್ಲ ನಾನು... ಅಯ್ಯೋ! ಅವತ್ತು ಆ ಹುಡುಗ ಕೇಳಿದ. ನೂರಕ್ಕೆ ನೂರು ನಿಜ ಅಂದೆ ನಾನು!"

ಅವಳಿಗೆ ಎಲ್ಲ ಹೊಳೆಯಿತು. ಆ ಒಣಗಿದ ದನಿ, 'ಚೆನ್ನಾಗಿರಿ' ಎಂದದ್ದು, ಮೆಟ್ಟಿಲಲ್ಲಿ ಬಿಳಿಚಿಕೊಂಡ ಮುಖ... 'ದೇವರೇ! ಅವರು ಓಡಿಹೋಗಿದ್ದು ರೈಲು ನೋಡಿ ಅಲ್ಲ!'

ಅಪ್ಪ ದಿಬ್ಬಣ ಕೀಳಲು ಚಿಮಟ ಎತ್ತಿಕೊಂಡಿದ್ದರು. "ಈಗಲೇ ತೆಗೀತೀನಿ."

"ಬೇಡ ಅಪ್ಪ!"

ಮೂವರೂ ಅವಳ ಕಡೆ ತಿರುಗಿದರು.

"ಸಂಜೆವರೆಗೂ... ಇರ್ಲಿ," ಎಂದಳು. ಕೆನ್ನೆ ಬಿಸಿಯಾಗಿತ್ತು, ಆದರೂ ಕಣ್ಣು ತಗ್ಗಿಸಲಿಲ್ಲ. "ಸುಳ್ಳು ಅಂತಾದ್ರೆ ನಾನೇ ಕಿತ್ತು ಕೊಡ್ತೀನಿ."

ಅಪ್ಪನ ಕೈಯ ಚಿಮಟ ಮೆಲ್ಲಗೆ ಕೆಳಗಿಳಿಯಿತು.

"ಮತ್ತೆ ಮೀಸೆ?" ಎಂದರು ಅಮ್ಮ ಪಿಸುದನಿಯಲ್ಲಿ.

"ಮೀಸೆ ಕೆಲಸ ನಂದು!"

*

ಅವನು ಬಾಗಿಲು ತೆರೆದಾಗ ತಲೆಗೂದಲು ಕೆದರಿತ್ತು, ಹೆಗಲ ಮೇಲೆ ಕಂಬಳಿಯ ಎಳೆಗಳಿದ್ದವು.

"ಆ ಮೀಸೆಯವನು ಯಾರೂ ಅಲ್ಲ!" ಎಂದಳು ಒಂದೇ ಉಸಿರಿಗೆ. "ಅವನು ಡಬ್ಬಿಯಲ್ಲಿ ಬಂದವನು! ನನಗೆ ಯಾರ ಜೊತೆಗೂ ಮದುವೆ ಇಲ್ಲ. ಅಮ್ಮ ಮಾಡಿದ ಕಿತಾಪತಿ ಅದು. ಹಲ್ಲಿಲ್ಲದವರು ನಮ್ಮ ಲ್ಯಾಬಿನ ಗಿರಾಕಿ, ಅವರಿಗೆ ಮೊಮ್ಮಕ್ಕಳಿದಾರೆ!"

ಅವನು ಕಣ್ಣು ಮಿಟುಕಿಸಲೂ ಮರೆತು ನಿಂತಿದ್ದ. "ಆದ್ರೆ ನಿಮ್ಮಪ್ಪ..."

"ಅಪ್ಪಂಗೂ ಗೊತ್ತಿರ್ಲಿಲ್ಲ. ಈಗ ತಲೆ ಮೇಲೆ ಕೈ ಹೊತ್ತು ಕೂತಿದಾರೆ."

ಅವನು ಬಾಗಿಲಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟ. ಆಮೇಲೆ ನಗಲು ಶುರು ಮಾಡಿದ. ನಗುನಗುತ್ತಲೇ ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು.

"ನೀವು ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು. ಅವಳ ದನಿ ಒಡೆಯಿತು. "ನಮ್ಮ ರೈಲು, ನಮ್ಮ ಹುಚ್ಚು ನೋಡಿ ನಿಮಗೂ ಸಾಕಾಯ್ತು ಅನ್ಕೊಂಡೆ. ಎಲ್ಲರಿಗೂ ಸಾಕಾಗುತ್ತೆ..."

"ಸಾಕಾಗೋದಾ?" ಅವನು ನಗು ನಿಲ್ಲಿಸಿದ. "ಬನ್ನಿ ಇಲ್ಲಿ."

ಕೋಣೆಯ ನಡುವೆ ನೆಲದ ಮೇಲೆ ಒಂದು ದಿಂಬು ಬಿದ್ದಿತ್ತು.

"ಹೋದ ಭಾನುವಾರದ ಸಂಜೆ ನಾನು ಇಲ್ಲೇ ಮಲಗಿ ಸೀಲಿಂಗ್ ನೋಡ್ತಿದ್ದೆ. ಮೇಲೆ ಯಾರು ಗಾಡಿ ಓಡಿಸ್ತಿದಾರೆ ಅಂತ ಸದ್ದಲ್ಲೇ ಗೊತ್ತಾಗುತ್ತೆ ನಂಗೆ. ನಿಮ್ಮಪ್ಪ ಸ್ಟೇಷನ್ ಬಂದ್ರೆ ಗಕ್ಕಂತ ನಿಲ್ಲಿಸ್ತಾರೆ. ನಿಮ್ಮಮ್ಮ ಎಲ್ಲ ತಿರುವಿನಲ್ಲೂ ಹೆದರ್ತಾರೆ. ನೀವು..." ಅವನು ಸೀಲಿಂಗಿನತ್ತ ಕಣ್ಣೆತ್ತಿದ. "ನೀವು ಸ್ಟೇಷನ್ ಇನ್ನೂ ದೂರ ಇರೋವಾಗ್ಲೇ ನಿಧಾನ ಮಾಡ್ತೀರ. ಒಳಗೆ ಕೂತಿರೋ ಯಾರೂ ಮುಗ್ಗರಿಸ್ಬಾರ್ದು ಅನ್ನೋ ಥರ. ಬೋಗಿ ಖಾಲಿ ಅಂತ ಗೊತ್ತಿದ್ರೂನೂ."

ಅವಳ ಗಾಡಿ ಮೆಲ್ಲಗೆ ನಿಲ್ಲುವುದನ್ನು ಇಷ್ಟು ವರ್ಷದಲ್ಲಿ ಯಾರೂ ಗಮನಿಸಿರಲಿಲ್ಲ. ಅವಳ ಮನೆಯವರೂ!

"ಇವತ್ತು ಬೆಳಗ್ಗೆಯಿಂದ ಮೇಲೆ ಒಂದು ಸದ್ದೂ ಇಲ್ಲ," ಎಂದ. "ರೆಕಾರ್ಡಿಂಗಿಗೆ ಇದಕ್ಕಿಂತ ಒಳ್ಳೆ ದಿನ ಬೇಕಾ? ಒಂದು ಸಾಲೂ ಓದೋಕಾಗ್ಲಿಲ್ಲ ನಂಗೆ."

"ಯಾಕೆ?"

"ಯಾಕೆ ಅಂದ್ರೆ..." ಅವನು ತಡವರಿಸಿದ. ಊರಿನ ಹುಡುಗಿಯರೆಲ್ಲ ಕಿವಿಗೊಟ್ಟು ಕೇಳುವ ಆ ದನಿ ಗಂಟಲಲ್ಲೇ ಸಿಕ್ಕಿಕೊಂಡಿತು. "ಥೂ! ದಿನಕ್ಕೆ ಎಷ್ಟು ಸಲ ಓದ್ತೀನಿ ಈ ಮಾತನ್ನ... ಈಗ ಬರ್ತಾನೇ ಇಲ್ಲ ನೋಡಿ!"

ಅವಳು ಅವನ ಕೈ ಹಿಡಿದಳು.

"ನಿಧಾನಕ್ಕೆ ಹೇಳಿ. ನಂಗೇನೂ ಆತುರ ಇಲ್ಲ."

"ನೀವಂದ್ರೆ ನಂಗೆ... ನಿಮ್ಮ ಮನೆಯವರೆಲ್ಲ ಅಂದ್ರೂನೂ ನಂಗೆ... ಅಂದ್ರೆ ಮೊದ್ಲು ನೀವು, ಆಮೇಲೆ ಅಜ್ಜಿ..." ಗಂಟಲು ಕೀಚಲಾಯಿತು. "ತುಂಬ ಇಷ್ಟ! ಛೇ, ಎಷ್ಟು ಕೆಟ್ಟದಾಗಿ ಬಂತು... ಇರಿ, ಇನ್ನೊಂದು ಸಲ ಸರಿಯಾಗಿ ಹೇಳ್ತೀನಿ..."

"ಬೇಡ," ಎಂದಳು ಅವಳು, ಅವನ ಭುಜಕ್ಕೆ ಹಣೆ ಒರಗಿಸಿ. "ನಂಗೆ ಇದೇ ಇರ್ಲಿ."